ಮೋಲ್ ಲೆಕ್ಕಕ್ಕೆ ಯಾವ ದಾರಿ: ತ್ರೈರಾಶಿ, ಸೂತ್ರ, ಮೊಬೈಲ್, ಸರಪಳಿ

ಅಣ್ಣನ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಕಳೆದ ಜೂನ್‌ನಲ್ಲಿ ವಿಜಯಪುರದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದಳು. ರಸಾಯನಶಾಸ್ತ್ರದ ಮೋಲ್ ಲೆಕ್ಕಗಳು ಬಂದೊಡನೆ ಕಂಗೆಟ್ಟಳು. ಮೋಲ್ ಎಂದರೆ ಡಜನ್ ಇದ್ದಂತೆ, ಅಣುಗಳಂಥ ಕಣಗಳನ್ನು ಎಣಿಸುವ ಒಂದು ಬಹು ದೊಡ್ಡ ಗುಂಪು. "ಕಾಕಾ, ಇಲ್ಲಿ ಗುಣಿಸಬೇಕೋ ಭಾಗಿಸಬೇಕೋ?" ದಿನವೂ ಇದೇ ಪ್ರಶ್ನೆ. ಎರಡು ತಿಂಗಳು ಸಂಜೆ ಹೊತ್ತು ಜೊತೆಗೆ ಕೂತು ನಾಲ್ಕು ದಾರಿಗಳನ್ನು ಹಿಡಿದು ನೋಡಿದೆವು.

ಮೊದಲನೆಯದು ನಾನು ಶಾಲೆಯಲ್ಲಿ ಕಲಿತ ತ್ರೈರಾಶಿ. 100 ಗ್ರಾಂ ಸುಣ್ಣದ ಕಲ್ಲು ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ, 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. 25 ಗ್ರಾಂ ಕಲ್ಲಿಗೆ ಸುಣ್ಣವೆಷ್ಟು? ಒಂದೇ ಸಾಲಿನಲ್ಲಿ 14 ಗ್ರಾಂ. ಇಂಥ ನೇರ ಲೆಕ್ಕಕ್ಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಎಡವಿದ್ದು ನೀರಿನ ಲೆಕ್ಕದಲ್ಲಿ. 10 ಗ್ರಾಂ ಜಲಜನಕ, 64 ಗ್ರಾಂ ಆಮ್ಲಜನಕ ಸೇರಿದರೆ ಎಷ್ಟು ನೀರು? 2 ಗ್ರಾಂ ಜಲಜನಕಕ್ಕೆ 18 ಗ್ರಾಂ ನೀರು, ಹಾಗಾದರೆ 10 ಗ್ರಾಂಗೆ 90 ಎಂದು ಬರೆದು ಅಡಿಗೆರೆ ಎಳೆದಳು. ಒಳಗೆ ಹಾಕಿದ್ದು ಒಟ್ಟು 74 ಗ್ರಾಂ, ಹೊರಗೆ ಬಂದದ್ದು 90! ಅದನ್ನು ತೋರಿಸಿದಾಗ ಮಗು ಪೆನ್ನು ಕೆಳಗಿಟ್ಟಿತು. ಆಮ್ಲಜನಕ ಸಾಲುತ್ತದೆಯೇ ಎಂದು ತ್ರೈರಾಶಿ ಕೇಳುವುದಿಲ್ಲ.

ಗೈಡಿನ ಸೂತ್ರ ಹಿಡಿದು ತೂಕವನ್ನು ಮೋಲಾರ್ ರಾಶಿಯಿಂದ, ಅಂದರೆ ಒಂದು ಮೋಲ್‌ನ ತೂಕದಿಂದ, ಭಾಗಿಸಿದಳು. ಜಲಜನಕ 5 ಮೋಲ್, ಆಮ್ಲಜನಕ 2 ಮೋಲ್. ಅಲ್ಲಿಯವರೆಗೆ ಸರಿ. ಕಡಿಮೆ ಇರುವುದು 2, ಆದ್ದರಿಂದ ನೀರೂ 2 ಮೋಲ್, ಅಂದರೆ 36 ಗ್ರಾಂ ಎಂದಳು. ಆಮ್ಲಜನಕದ ಒಂದು ಅಣುವಿಗೆ ನೀರಿನ ಎರಡು ಅಣು ಹುಟ್ಟುವ ಸಂಗತಿ ಸಮೀಕರಣದಲ್ಲಿದೆ, ಸೂತ್ರದಲ್ಲಿಲ್ಲ.

ಫೋಟೋ ತೆಗೆದರೆ ಬಿಡಿಸಿಕೊಡುವ ಮೊಬೈಲ್ ಆ್ಯಪ್ ಸರಿಯುತ್ತರವನ್ನೇ ಕೊಟ್ಟಿತು: 72 ಗ್ರಾಂ, ಹಂತಗಳ ಸಮೇತ. ಅವಳು ಅಂದವಾಗಿ ಇಳಿಸಿಕೊಂಡಳು. ಮರುದಿನ ಅಂಕಿ ಬದಲಿಸಿ ಅದೇ ಲೆಕ್ಕ ಕೊಟ್ಟರೆ ಮೊದಲ ಸಾಲೇ ಹೊರಡಲಿಲ್ಲ. ತಪ್ಪು ಮಾಡಿದ ದಿನಗಳಲ್ಲಾದರೂ ಅವಳು ಏನೋ ಯೋಚಿಸಿದ್ದಳು. ಆ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಈಗ ನಮ್ಮ ಮನೆಯಲ್ಲಿ ಆ್ಯಪ್ ತೆರೆಯುವುದು ಲೆಕ್ಕ ಮುಗಿದ ಮೇಲೆ, ತಾಳೆ ನೋಡಲು ಮಾತ್ರ.

ಕೊನೆಗೆ ಕೈಹಿಡಿದದ್ದು ಏಕಮಾನಗಳ ಸರಪಳಿ:

64 ಗ್ರಾಂ ಆಮ್ಲಜನಕ × (1 ಮೋಲ್ ಆಮ್ಲಜನಕ / 32 ಗ್ರಾಂ ಆಮ್ಲಜನಕ) × (2 ಮೋಲ್ ನೀರು / 1 ಮೋಲ್ ಆಮ್ಲಜನಕ) × (18 ಗ್ರಾಂ ನೀರು / 1 ಮೋಲ್ ನೀರು) = 72 ಗ್ರಾಂ ನೀರು

ಮೇಲಿನದನ್ನೂ ಕೆಳಗಿನದನ್ನೂ ಹೊಡೆದುಹಾಕುತ್ತ ಹೋದರೆ ಕೊನೆಗೆ ಬೇಕಾದದ್ದೇ ಉಳಿಯುತ್ತದೆ. ಒಂದು ಕಟ್ಟುನಿಟ್ಟು: ಪ್ರತಿ ಏಕಮಾನದ ಪಕ್ಕದಲ್ಲಿ ವಸ್ತುವಿನ ಹೆಸರು ಇರಲೇಬೇಕು. ಬರೀ 'ಮೋಲ್' ಎಂದು ಬರೆದರೆ ನೀರಿನ ಮೋಲ್ ಆಮ್ಲಜನಕದ ಮೋಲನ್ನು ಹೊಡೆದುಬಿಡುತ್ತದೆ. ಜಲಜನಕದಿಂದ ಹೊರಟ ಸರಪಳಿ 90ಕ್ಕೇ ಮುಟ್ಟುತ್ತದೆ. ಎರಡರಲ್ಲಿ ಕಡಿಮೆ ಬಂದದ್ದೇ ಉತ್ತರ. ಮಿಕ್ಕ 2 ಗ್ರಾಂ ಜಲಜನಕ ಹಾಗೆಯೇ ಉಳಿಯುತ್ತದೆ, 74ರ ಲೆಕ್ಕ ಕೂಡಿಬರುತ್ತದೆ. ಬರವಣಿಗೆ ಉದ್ದ, ಹಾಳೆ ಹೆಚ್ಚು ಬೇಕು. ಇರಲಿ.

ಸಮೀಕರಣ ಸರಿದೂಗಿಸುವುದಕ್ಕೆ, ಅಂದರೆ ಎರಡೂ ಬದಿಯ ಪರಮಾಣುಗಳ ಎಣಿಕೆ ಸಮ ಮಾಡುವುದಕ್ಕೆ, ಕಣ್ಣಳತೆಯಲ್ಲಿ ಹೊಂದಿಸುವುದೇ ಸಾಕಾಯಿತು. ಪೊಟ್ಯಾಸಿಯಂ ಪರ್ಮಾಂಗನೇಟಿಗೆ ಹೈಡ್ರೋಕ್ಲೋರಿಕ್ ಆಮ್ಲ ಸೇರುವ ಸಮೀಕರಣಕ್ಕೆ ಮಾತ್ರ ಬೀಜಗಣಿತ ಹೂಡಬೇಕಾಯಿತು.

ಫೆಬ್ರವರಿಯಲ್ಲಿ ತಿಕೋಟಾ ಕಡೆಯ ನಮ್ಮ ಒಣದ್ರಾಕ್ಷಿ ಶೆಡ್ಡಿಗೆ ಹೋಗಿದ್ದೆವು. ದ್ರಾಕ್ಷಿ ಬೇಗ ಒಣಗಲೆಂದು ಅದ್ದುವ ದ್ರಾವಣಕ್ಕೆ 100 ಲೀಟರ್ ನೀರಿಗೆ 2.5 ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್ ತೂಗುತ್ತಿದ್ದರು. ಅದು ಎಷ್ಟು ಮೋಲ್ ಎಂದು ಕೇಳಿದೆ. ರಟ್ಟಿನ ಪೆಟ್ಟಿಗೆಯ ಮೇಲೆ 2.5 ಕಿಲೋ ಬರೆದು, ಕೆಳಗೆ ಅದರ ಒಂದು ಮೋಲ್‌ನ ತೂಕ 138 ಗ್ರಾಂ ಇಟ್ಟು, ಹೊಡೆದುಹಾಕಲು ಹೋದವಳು ತಡೆದಳು. "ಕಾಕಾ, ಕಿಲೋ ಹೋಗುತ್ತಿಲ್ಲ" ಎಂದು ತಾನೇ ನಡುವೆ 1000 ಗ್ರಾಂ / 1 ಕಿಲೋ ಸೇರಿಸಿದಳು. ಸುಮಾರು 18 ಮೋಲ್ ಬಂತು.