ಕ್ಯಾಶಿಯೋ ಮಾಸ್ತರನ ಮೂರು ಪೆಟ್ಟಿಗೆ: ಜೂನೋ ಡಿಎಸ್, ಎಂಎಕ್ಸ್, ಕ್ರಾಸ್

ನಮ್ಮ ಕೊಪ್ಪಳದ ಕಡೆ ಯಾವ ಕಂಪನಿಯ ಕೀಬೋರ್ಡ್ ಹೊತ್ತು ಹೋದರೂ ಜನರ ಬಾಯಲ್ಲಿ ಅದು ಕ್ಯಾಶಿಯೋನೇ. ಬಾರಿಸುವವನು ಕ್ಯಾಶಿಯೋ ಮಾಸ್ತರ. ರೋಲ್ಯಾಂಡ್ ಜೂನೋ ಡಿಎಸ್61, ಯಮಾಹಾ ಎಂಎಕ್ಸ್61, ಕಾರ್ಗ್ ಕ್ರಾಸ್ 2, ಈ ಮೂರನ್ನೂ ಒಂದಾದ ಮೇಲೊಂದು ಜಾತ್ರೆಗೆ ಒಯ್ದೆ. ಊರವರಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ನನ್ನ ಬೆನ್ನಿಗೂ ಬೆರಳಿಗೂ ಮಾತ್ರ ಚೆನ್ನಾಗಿ ಗೊತ್ತಾಯಿತು.

ಜೂನೋ ನನ್ನದೇ. ಎಂಎಕ್ಸ್ ಬಳ್ಳಾರಿಯಲ್ಲಿ ಮನೆಯಲ್ಲೇ ರೆಕಾರ್ಡಿಂಗ್ ಮಾಡುವ ಗೆಳೆಯನದು. ಕ್ರಾಸ್ ಸಿಂಧನೂರಿನ ಒಬ್ಬ ಹುಡುಗನದು. ಪರೀಕ್ಷೆ ಮುಗಿಯೋತನಕ ಮುಟ್ಟಬಾರದು ಅಂತ ಅವರಪ್ಪ ಅಟ್ಟಕ್ಕೆ ಹಾಕಿದ್ದರು, ಎರಡು ತಿಂಗಳ ಮಟ್ಟಿಗೆ ಅಂತ ಕೇಳಿ ತಂದೆ. ಮೂರಕ್ಕೂ 61 ಮನೆ, ಅಂದರೆ ಒತ್ತುವ ಕೀ. ನನ್ನ ಕೆಲಸ ಅಂದರೆ ಜಾತ್ರೆ ನಾಟಕ, ಮದುವೆ ಆರ್ಕೆಸ್ಟ್ರಾ, ಶ್ರಾವಣದ ಭಜನೆ, ನಡುನಡುವೆ ಮನೆಯಲ್ಲಿ ಜಾನಪದ ಹಾಡಿಗೆ ಟ್ರ್ಯಾಕ್ ಕಟ್ಟೋದು.

ಮೊದಲು ಕರೆಂಟಿನ ಮಾತು. ಕುಷ್ಟಗಿ ಹತ್ತಿರದ ಊರಲ್ಲಿ ನಾಟಕ. ರಾತ್ರಿ ಎರಡರ ಸುಮಾರು, ನಾಯಕಿ ರಂಗಗೀತೆಯ ಪಲ್ಲವಿ ಎತ್ತಿದ್ದಾಳೆ, ಲೈಟ್ ಹೋಯಿತು. ಜನರೇಟರ್ ಹಗ್ಗ ಎಳೆದೆಳೆದು ಹುಡುಗರ ಕೈ ಸೋತರೂ ಅದು ಕೆಮ್ಮಿತೇ ಹೊರತು ಏಳಲಿಲ್ಲ. ಅವತ್ತು ನನ್ನ ಮುಂದಿದ್ದದ್ದು ಎಂಎಕ್ಸ್. ಅದಕ್ಕೆ ಸೆಲ್ ಹಾಕುವ ಜಾಗವೇ ಇಲ್ಲ, 12 ವೋಲ್ಟಿನ ಅಡಾಪ್ಟರ್ ಒಂದೇ ಗತಿ. ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಹಿರಿಯರು, "ಯಾಕ್ರಿ ಮಾಸ್ತರ, ಕ್ಯಾಶಿಯೋದ ಉಸುರು ನಿಂತೇನ್ರಿ?" ಅಂದರು. ಗುಡಿಯಿಂದ ಭಜನೆಯವರ ಹಾರ್ಮೋನಿಯಂ ತರಿಸಿ ಬ್ಯಾಟರಿ ಬೆಳಕಲ್ಲಿ ಆ ಪ್ರವೇಶ ಮುಗಿಸಿದೆವು. ನಿಜ ಹೇಳಬೇಕೆಂದರೆ ಆ ರಾತ್ರಿಯ ಒಳ್ಳೆಯ ಹಾಡು ಅದೇ.

ಜೂನೋ 8 ಪೆನ್ಸಿಲ್ ಸೆಲ್ಲಿನ ಮೇಲೆ ನಡೆಯುತ್ತದೆ, ಕ್ರಾಸ್ 6ರ ಮೇಲೆ. ನಾನು ಚಾರ್ಜ್ ಆಗುವ ಸೆಲ್ಲುಗಳನ್ನೇ ಹಾಕೋದು. ಕ್ರಾಸ್‌ಗೆ ಕಂಪನಿ ಹೇಳುವ ಲೆಕ್ಕ ಸುಮಾರು 7 ತಾಸು. ಅಷ್ಟು ಸಿಕ್ಕರೆ ಬೆಳಗಿನ ಮಂಗಳದವರೆಗೂ ಚಿಂತೆಯಿಲ್ಲ. ಸ್ಪೀಕರಿಗೇ ಕರೆಂಟ್ ಇಲ್ಲದಾಗ ಕೀಬೋರ್ಡ್ ಉಳಿದು ಏನು ಪ್ರಯೋಜನ ಅನ್ನಬಹುದು. ಒಂದು ಸಣ್ಣ ಬ್ಯಾಟರಿ ಸ್ಪೀಕರ್ ಚೀಲದಲ್ಲಿದ್ದರೆ ಸಾಕು, ಪೂರ್ತಿ ಕತ್ತಲಲ್ಲೂ ತಬಲಾದವನಿಗೆ ಜೊತೆ ಸಿಗುತ್ತದೆ.

ತೂಕ: ಜೂನೋ 5.3 ಕೆ.ಜಿ., ಎಂಎಕ್ಸ್ 4.8, ಕ್ರಾಸ್ 3.8. ಓದುವಾಗ ಒಂದೂವರೆ ಕೆ.ಜಿ. ಏನು ಮಹಾ ಅನ್ನಿಸುತ್ತದೆ. ಬೈಕಿನ ಹಿಂದೆ ಕೂತು ಗಂಗಾವತಿಯಿಂದ ಹುಲಗಿವರೆಗೆ, ಅದೂ ಮೇ ತಿಂಗಳ ಹುಲಿಗೆಮ್ಮನ ಜಾತ್ರೆ ಬಿಸಿಲಲ್ಲಿ, ಬೆನ್ನಿಗೆ ಕಟ್ಟಿಕೊಂಡು ಹೋಗಿ ನೋಡಿ. ಬಸ್ಸಿನಲ್ಲೂ ಕ್ರಾಸ್ ಉದ್ದ ಕಡಿಮೆ ಆದ್ದರಿಂದ ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರೂ ಪಕ್ಕದವರ ಬೈಗುಳ ಕಮ್ಮಿ.

ಇನ್ನು ನನಗೆ ಮುಖ್ಯ ಅನ್ನಿಸಿದ್ದಕ್ಕೆ ಬರುತ್ತೇನೆ: ಎಡಗೈ. ನಾನು ಹಾರ್ಮೋನಿಯಂನಿಂದ ಬಂದವನು. ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರಲು ಬರೋದಿಲ್ಲ, ಎಡಗೈ ತಿದಿ ಒತ್ತುತ್ತಿರುತ್ತದೆ. ಸಿಂಥ್‌ನಲ್ಲಿ, ಅಂದರೆ ಇಂಥ ಕೀಬೋರ್ಡಿನಲ್ಲಿ, ಆ ಕೈ ಬಿಡುವಾಗಿದೆ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ಎಲ್ಲ ಅದರ ಪಾಲು. ಜೂನೋದಲ್ಲಿ ಇರುವುದು ಒಂದೇ ಲಿವರ್. ಎಡಕ್ಕೆ ಬಲಕ್ಕೆ ತಳ್ಳಿದರೆ ಸ್ವರ ಇಳಿಯುತ್ತದೆ, ಏರುತ್ತದೆ. ಮುಂದಕ್ಕೆ ಒತ್ತಿದರೆ ಕಂಪನ. ಬಿಟ್ಟರೆ ತಾನೇ ನಡುವಿಗೆ ಬಂದು ನಿಲ್ಲುತ್ತದೆ. ಶಹನಾಯಿ ದನಿಯಲ್ಲಿ ಸ್ವರಕ್ಕೆ ಏರಿ, ಅಲ್ಲೇ ಹೆಬ್ಬೆರಳನ್ನು ಸ್ವಲ್ಪ ಮುಂದೆ ಒತ್ತಿದರೆ ದನಿ ನಡುಗಿ ನಿಲ್ಲುತ್ತದೆ. ಎರಡೂ ಒಂದೇ ಉಸಿರಿನ ಕೆಲಸ.

ಎಂಎಕ್ಸ್ ಮತ್ತು ಕ್ರಾಸ್‌ನಲ್ಲಿ ಚಕ್ರಗಳು, ಪಿಚ್‌ಗೆ, ಅಂದರೆ ಸ್ವರ ಏರಿಳಿಸಲು ಒಂದು, ಕಂಪನಕ್ಕೆ ಇನ್ನೊಂದು. ಎಂಎಕ್ಸ್‌ನಲ್ಲಿ ಪಿಚ್ ಚಕ್ರ ಬಿಟ್ಟರೆ ವಾಪಸ್ ಬರುತ್ತದೆ, ಕಂಪನದ್ದು ಬಿಟ್ಟಲ್ಲೇ ಕೂರುತ್ತದೆ. ಉದ್ದದ ವಯಲಿನ್ ಸ್ವರಕ್ಕೆ ಅದು ಅನುಕೂಲ. ಆದರೆ ಅವಸರದಲ್ಲಿ ಇಳಿಸೋದು ಮರೆತರೆ ಮುಂದಿನ ಕೊಳಲು ಚಳಿಜ್ವರ ಬಂದಂತೆ ಹಾಡುತ್ತದೆ. ಅದು ನನ್ನ ಅಭ್ಯಾಸದ ದೋಷ, ಗೆಳೆಯನ ಕೈಯಲ್ಲಿ ಹಾಗಾಗೋದನ್ನು ನಾನು ನೋಡಿಲ್ಲ.

ಹೊಸಬರಿಗೆ ಒಂದು ಮಾತು. ಬೆಂಡ್ ರೇಂಜ್ (ಲಿವರ್ ಅಥವಾ ಚಕ್ರದಿಂದ ಸ್ವರ ಎಷ್ಟು ಜಾರಬಹುದು ಅನ್ನುವ ಮಿತಿ) ಸಾಮಾನ್ಯವಾಗಿ 2 ಅರ್ಧಸ್ವರಕ್ಕೆ ಇರುತ್ತದೆ, ಅಂದರೆ ಪೂರ್ತಿ ತಳ್ಳಿದರೆ ಸ ಹೋಗಿ ಶುದ್ಧ ರಿ. ಶುದ್ಧ ಗ ಇಂದ ಪ ಮುಟ್ಟಬೇಕಾದರೆ 3 ಬೇಕು. ಹಾಡಿಗೆ ಬೇಕಾದ ಜಾರು ಎಷ್ಟೋ ಅಷ್ಟನ್ನೇ ರೇಂಜಿಗೆ ಇಟ್ಟು ಆ ದನಿಯನ್ನು ಸೇವ್ ಮಾಡಿಕೊಳ್ಳಿ. ಲಿವರ್ ಕೊನೆಗೆ ತಾಗಿದಾಗ ಸ್ವರ ಸರಿಯಾಗಿ ಪ ಮೇಲೇ ನಿಂತಿರುತ್ತದೆ, ಕಿವಿ ಹುಡುಕಾಡಬೇಕಿಲ್ಲ. 12ಕ್ಕೆ ಇಟ್ಟು ಗೇಣುಗಟ್ಟಲೆ ಜಾರಿಸುವವರನ್ನು ಕಂಡಿದ್ದೇನೆ. ಅಂಥ ಮೀಂಡ್ ಆಂಬುಲೆನ್ಸ್ ಸೈರನ್ ಆಗಿರುತ್ತದೆ.

ಟ್ರಾನ್ಸ್‌ಪೋಸ್, ಅಂದರೆ ಬೆರಳು ಬದಲಿಸದೆ ಶ್ರುತಿ ಬದಲಿಸುವ ಸೌಲಭ್ಯ, ಮೂರರಲ್ಲೂ ಇದೆ. ಗಾಯಕಿ "ಕಪ್ಪು ಎರಡು" ಅಂದರೂ, ಅಂದರೆ ಎರಡನೇ ಕಪ್ಪು ಮನೆಯ ಶ್ರುತಿ ಕೇಳಿದರೂ, ಹೆದರಬೇಕಿಲ್ಲ. ಹಾಡು ಮುಗಿದ ಮೇಲೆ ಸೊನ್ನೆಗೆ ತರೋದು ನೆನಪಿರಲಿ. ಒಮ್ಮೆಗೆ ಎಷ್ಟು ಸ್ವರ ನುಡಿಯುತ್ತವೆ ಅನ್ನುವ ಲೆಕ್ಕ ಕ್ರಾಸ್‌ಗೆ 120, ಉಳಿದೆರಡಕ್ಕೆ 128. ನನ್ನ ಹತ್ತು ಬೆರಳಿಗೆ ಅದರಲ್ಲಿ ಏನೂ ಗೊತ್ತಾಗಲಿಲ್ಲ.

ದನಿಯಲ್ಲಿ ಎಂಎಕ್ಸ್ ಮುಂದಿದೆ. ಅದರೊಳಗಿನ ದನಿಗಳು ಯಮಾಹಾದ ದೊಡ್ಡ ಕೀಬೋರ್ಡ್ ಮೋಟಿಫ್ ಎಕ್ಸ್‌ಎಸ್‌ನಿಂದ ಬಂದವು. ಪಿಯಾನೋ, ತಂತಿವಾದ್ಯಗಳ ಮೇಳ ಹಿಡಿದರೆ ಮದುವೆ ಮಂಟಪ ತುಂಬಿಬಿಡುತ್ತದೆ. ಮನೆ ಕೆಲಸಕ್ಕೂ ಅದೇ ನನಗೆ ಒಗ್ಗಿತು. ಒಂದೇ ಯುಎಸ್‌ಬಿ ವೈರಿನಲ್ಲಿ ಮಿಡಿಯೂ (ಯಾವ ಮನೆ ಒತ್ತಿದೆವು ಅನ್ನುವ ಸಂಕೇತ) ಆಡಿಯೋವೂ ಲ್ಯಾಪ್‌ಟಾಪಿಗೆ ಹೋಗುತ್ತದೆ, ಜೊತೆಗೆ ಕ್ಯೂಬೇಸ್ ಎಐ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಕೊಡುತ್ತಾರೆ, ಪ್ಲೇ, ಸ್ಟಾಪ್ ಎಲ್ಲ ಕೀಬೋರ್ಡಿನಿಂದಲೇ. ಯುಎಸ್‌ಬಿ ಆಡಿಯೋ ಉಳಿದೆರಡರಲ್ಲೂ ಇದೆ. ಆದರೆ ಮೈಕ್ ಚುಚ್ಚಿ ತತ್ವಪದ ಹಾಡುವ ಅಜ್ಜನ ದನಿ ಹಿಡಿಯಬೇಕು ಅಂದಾಗ ಎಂಎಕ್ಸ್‌ಗೆ ಮೈಕಿನ ತೂತಿಲ್ಲ. ಜೂನೋಗೆ ಇದೆ, ಆ ಮೈಕಿನ ದನಿಗೇ ರಿವರ್ಬ್ (ದೊಡ್ಡ ಗುಡಿಯಲ್ಲಿ ಹಾಡಿದಂಥ ಗುಂಗು) ಕೂಡ ಹಾಕಬಹುದು. ವೊಕೋಡರ್ ಅಂತಲೂ ಒಂದಿದೆ, ಮನುಷ್ಯನ ದನಿಯನ್ನು ಯಂತ್ರದ ದನಿ ಮಾಡುವಂಥದ್ದು. ಆರ್ಕೆಸ್ಟ್ರಾದಲ್ಲಿ ಒಂದು ಸಲ ಚಪ್ಪಾಳೆ ಸಿಕ್ಕಿತು, ಎರಡನೇ ಸಲಕ್ಕೆ ಯಾರೂ ಕೇಳಲಿಲ್ಲ.

ಕ್ರಾಸ್ ನನ್ನನ್ನು ಸೋಲಿಸಿದ್ದು 16 ಪ್ಯಾಡ್‌ಗಳಿಂದ, ಅಂದರೆ ಒತ್ತಿದರೆ ಸದ್ದು ಬರುವ ಗುಂಡಿಗಳಿಂದ. ಅವಕ್ಕೆ ನಮ್ಮದೇ ಸದ್ದು ತುಂಬಬಹುದು. ನಮ್ಮೂರ ಹಲಗೆ ವಾದ್ಯದವರನ್ನು ಮನೆಗೆ ಕರೆದೆ. ಹಿತ್ತಿಲಲ್ಲಿ ಒಣಹುಲ್ಲು ಹೊತ್ತಿಸಿ ಹಲಗೆ ಕಾಯಿಸಿದರು, ಚರ್ಮ ಬಿಗಿಯಿತು, ಬೆರಳಿಂದ ತಟ್ಟಿ ನೋಡಿ "ಈಗ ಹಿಡೀರಿ" ಅಂದರು. ಒಂದೊಂದು ಪೆಟ್ಟು ಬಿಡಿಬಿಡಿಯಾಗಿ ಹಿಡಿದೆ: ನಡುವಿನ ತುಂಬುದನಿ, ಅಂಚಿನ ಸಣ್ಣಕೋಲಿನ ಚಟ್, ಕೈ ಒತ್ತಿ ಮುಚ್ಚಿದ ಪೆಟ್ಟು. ನಿಜವಾದ ಹಲಗೆ ಆರಿದಂತೆ ದನಿ ಇಳಿಸುತ್ತದೆ, ಮತ್ತೆ ಬೆಂಕಿ ಬೇಕು. ಪ್ಯಾಡಿನೊಳಗಿನದು ಯಾವಾಗಲೂ ಕಾದೇ ಇರುತ್ತದೆ. ಒಳ್ಳೆಯದೂ ಅದೇ, ಸಪ್ಪೆಯೂ ಅದೇ. ಜೂನೋಗೂ ಸ್ಯಾಂಪಲ್ (ಹೀಗೆ ಹಿಡಿದ ಸದ್ದು) ತುಂಬಬಹುದು, ಆದರೆ ಕಂಪ್ಯೂಟರಿನಲ್ಲಿ ಫೈಲ್ ತಯಾರು ಮಾಡಿ ಪೆನ್‌ಡ್ರೈವಿನಲ್ಲಿ ಒಯ್ಯಬೇಕು. ಹಿತ್ತಿಲಲ್ಲಿ ಹೊಗೆ ನಡುವೆ ಕೂತು ಮಾಡುವ ಕೆಲಸವಲ್ಲ.

ಇಷ್ಟಾದರೂ ಜಾತ್ರೆಗೆ ನಾನು ಒಯ್ಯೋದು ಜೂನೋನೇ. ಲಿವರ್ ಒಂದು ಕಾರಣ, ಸೆಲ್ ಇನ್ನೊಂದು. ಕ್ರಾಸ್‌ನ ಮನೆಗಳು ನನ್ನ ಕೈಗೆ ತೀರಾ ಹಗುರ, ಜೋರು ಹಾಡಿನಲ್ಲಿ ಬೆರಳಿಗೆ ಆಸರೆ ಸಿಗಲಿಲ್ಲ. ಮನೆಯಲ್ಲೇ ಕೂತು ಟ್ರ್ಯಾಕ್ ಕಟ್ಟುವವರು ಎಂಎಕ್ಸ್ ನೋಡಲಿ. ಪ್ಯಾಡ್ ಬಾರಿಸುವವನೂ ತಾನೇ, ಕೀಬೋರ್ಡಿನವನೂ ತಾನೇ ಅನ್ನುವ ಸಣ್ಣ ಮೇಳದವರಿಗೆ ಕ್ರಾಸ್ ಸರಿ.

ಪರೀಕ್ಷೆ ಮುಗಿದ ಮೇಲೆ ಕ್ರಾಸ್ ವಾಪಸ್ ಕೊಡಲು ಸಿಂಧನೂರಿಗೆ ಹೋದೆ. ಹಲಗೆ ದನಿ ಅಳಿಸಿಕೊಡಲೇನು ಅಂತ ಕೇಳಿದೆ. ಹುಡುಗ ಪ್ಯಾಡುಗಳನ್ನು ಒಂದೊಂದೇ ಒತ್ತಿ ಕೇಳಿ, "ನಮ್ಮೂರ ಹಲಗಿ ಇದಕ್ಕಿಂತ ಜೋರ್ ಐತ್ರಿ ಅಣ್ಣಾ. ಇರ್ಲಿ ಬಿಡ್ರಿ, ಅಳಸಬ್ಯಾಡ್ರಿ" ಅಂದ.