ಲ್ಯಾಪ್‌ಟಾಪನ್ನೇ ಡೆಸ್ಕ್‌ಟಾಪಿನ ಪರದೆ ಮಾಡಿಕೊಳ್ಳುವುದು: ನನ್ನ ಓಟು ಕ್ಯಾಪ್ಚರ್ ಸ್ಟಿಕ್ಕಿಗೆ

ನನ್ನ ಡೆಸ್ಕ್‌ಟಾಪಿಗೆ ಮಾನಿಟರ್ ಇಲ್ಲ. ಕಡತಗಳನ್ನು ಇಟ್ಟುಕೊಂಡು, ರಾತ್ರಿಯೆಲ್ಲ ವಿಡಿಯೊ ರೆಂಡರ್ ಮಾಡಿಕೊಂಡು ಮೇಜಿನ ಕೆಳಗೆ ತನ್ನ ಪಾಡಿಗೆ ತಾನಿರುತ್ತದೆ. ಅದರ ಮುಖ ನೋಡಬೇಕಾಗುವುದು ಅದು ಕೈಕೊಟ್ಟಾಗ ಮಾತ್ರ. ಅಷ್ಟಕ್ಕಾಗಿ ಮಾನಿಟರ್ ಕೊಂಡು ಮೇಜಿನ ಮೇಲೆ ಜಾಗ ಕೊಡಲು ಮನಸ್ಸಾಗಲಿಲ್ಲ. ಹಳೇ ಲ್ಯಾಪ್‌ಟಾಪ್ ಹೇಗೂ ಇತ್ತು. ಇದ್ದ ದಾರಿಗಳನ್ನೆಲ್ಲ ನೋಡಿ ಕೊನೆಗೆ ಉಳಿಸಿಕೊಂಡದ್ದು ಡೆಸ್ಕ್‌ಟಾಪಿನ ಚಿತ್ರವನ್ನು ಲ್ಯಾಪ್‌ಟಾಪಿನೊಳಗೆ ತರುವ, ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಎಚ್‌ಡಿಎಂಐ ಕ್ಯಾಪ್ಚರ್ ಸ್ಟಿಕ್.

ಎರಡರ ನಡುವೆ ಎಚ್‌ಡಿಎಂಐ ಕೇಬಲ್ ಹಾಕಿದರೆ ಮುಗಿಯಿತಲ್ಲ ಎನ್ನುವವರು ಇದ್ದಾರೆ. ಮುಗಿಯುವುದಿಲ್ಲ. ಲ್ಯಾಪ್‌ಟಾಪಿನ ಆ ಪೋರ್ಟ್ ಚಿತ್ರವನ್ನು ಹೊರಗೆ ಕಳಿಸುತ್ತದೆಯೇ ಹೊರತು ಒಳಗೆ ತೆಗೆದುಕೊಳ್ಳುವುದಿಲ್ಲ. ಏಲಿಯನ್‌ವೇರ್‌ನ ಕೆಲವು ಹಳೇ ಮಾದರಿಗಳಲ್ಲಿ ಒಳಬರುವ ಪೋರ್ಟ್ ಇತ್ತು. 2009ರಿಂದ 2014ರವರೆಗಿನ ಕೆಲವು ಐಮ್ಯಾಕ್‌ಗಳನ್ನು ಬೇರೆ ಕಂಪ್ಯೂಟರಿಗೆ ಮಾನಿಟರ್ ಆಗಿ ಬಳಸಬಹುದಿತ್ತು, ಆದರೆ ಅವು ಲ್ಯಾಪ್‌ಟಾಪ್‌ಗಳಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಸೌಲಭ್ಯ ಇಲ್ಲವೆಂದೇ ಇಟ್ಟುಕೊಳ್ಳಿ.

ದುಡ್ಡು ಖರ್ಚಿಲ್ಲದ ದಾರಿ ವಿಂಡೋಸ್‌ನಲ್ಲೇ ಇದೆ. ಲ್ಯಾಪ್‌ಟಾಪಿನಲ್ಲಿ ‘ವೈರ್‌ಲೆಸ್ ಡಿಸ್‌ಪ್ಲೇ’ ಎಂಬ ಐಚ್ಛಿಕ ಸೌಲಭ್ಯ ಸೇರಿಸಿ, ಡೆಸ್ಕ್‌ಟಾಪಿನಲ್ಲಿ ವಿಂಡೋಸ್ ಕೀಲಿ ಜೊತೆ ಕೆ ಒತ್ತಿ ಲ್ಯಾಪ್‌ಟಾಪನ್ನು ಆರಿಸಬೇಕು. ಎರಡನೇ ಪರದೆ ಬೇಕಾದವರಿಗೆ ಇದು ಚೆನ್ನ. ನನಗೆ ಮೊದಲನೆಯದೇ ಇಲ್ಲ! ಕಣ್ಣಿಗೆ ಏನೂ ಕಾಣದೆ ಪಟ್ಟಿಯಲ್ಲಿ ಲ್ಯಾಪ್‌ಟಾಪನ್ನು ಆರಿಸುವುದು ಹೇಗೆ?

ಒಂದು ಕಂಪ್ಯೂಟರನ್ನು ನೆಟ್‌ವರ್ಕ್ ಮೂಲಕ ಇನ್ನೊಂದರಿಂದ ನಡೆಸುವ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅಕ್ಷರಗಳು ಅಚ್ಚುಕಟ್ಟಾಗಿ ಕಾಣುತ್ತವೆ, ಲ್ಯಾಪ್‌ಟಾಪಿನ ಕೀಬೋರ್ಡೇ ಸಾಕಾಗುತ್ತದೆ. ಆದರೆ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ ಹೋಮ್ ಇದ್ದರೆ ಅದಕ್ಕೆ ಹೊರಗಿನಿಂದ ಸಂಪರ್ಕಿಸಲು ಬಿಡುವುದಿಲ್ಲ, ಪ್ರೊ ಬೇಕು.

ಸನ್‌ಶೈನ್ ಮತ್ತು ಮೂನ್‌ಲೈಟ್ ಜೋಡಿಯ ಬಗ್ಗೆ ಮಾತ್ರ ಗೌರವದಿಂದಲೇ ಹೇಳಬೇಕು. ಒಂದು ಯಂತ್ರದ ಪರದೆಯನ್ನು ನೆಟ್‌ವರ್ಕ್ ಮೂಲಕ ಇನ್ನೊಂದಕ್ಕೆ ಕಳಿಸುವ ತಂತ್ರಾಂಶಗಳಿವು, ಎರಡೂ ಉಚಿತ. ಡೆಸ್ಕ್‌ಟಾಪಿನಲ್ಲಿ ಸನ್‌ಶೈನ್, ಲ್ಯಾಪ್‌ಟಾಪಿನಲ್ಲಿ ಮೂನ್‌ಲೈಟ್, ನಡುವೆ ವೈ-ಫೈ ಬದಲು ಲ್ಯಾನ್ ಕೇಬಲ್ ಇದ್ದರೆ ಮೌಸ್ ತಡವರಿಸುವುದೇ ಗೊತ್ತಾಗುವುದಿಲ್ಲ. ತೊಡಕು ಇಷ್ಟೇ: ಮಾನಿಟರ್ ಇಲ್ಲದ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡ್ ಬಹುತೇಕ ಚಿತ್ರವನ್ನೇ ತಯಾರಿಸುವುದಿಲ್ಲ, ಹಾಗಾಗಿ ಮಾನಿಟರ್ ಇದೆ ಎಂದು ನಂಬಿಸುವ ಡಮ್ಮಿ ಪ್ಲಗ್ ಒಂದನ್ನು ಎಚ್‌ಡಿಎಂಐಗೆ ಸಿಕ್ಕಿಸಬೇಕಾಗುತ್ತದೆ.

ಇವೆಲ್ಲ ಕೆಲಸ ಶುರುಮಾಡುವುದು ಆಪರೇಟಿಂಗ್ ಸಿಸ್ಟಮ್ ಎದ್ದ ಮೇಲೆ. ಅದು ಏಳದೇ ಇದ್ದಾಗಲೇ ತಾನೇ ನನಗೆ ಪರದೆ ಬೇಕಾಗುವುದು? ಬಯೋಸ್ (ವಿಂಡೋಸ್ ಏಳುವ ಮೊದಲೇ ಸಿಗುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ), ಬೂಟ್ ಮೆನು, ನೀಲಿ ಪರದೆಯ ದೋಷ ಸಂದೇಶ, ಹೊಸದಾಗಿ ಲಿನಕ್ಸ್ ಹಾಕುವಾಗ ಬರುವ ಪ್ರಶ್ನೆಗಳು, ಇವೆಲ್ಲವನ್ನೂ ತೋರಿಸುವುದು ಸ್ಟಿಕ್ ಒಂದೇ. ಡೆಸ್ಕ್‌ಟಾಪಿನ ಲೆಕ್ಕಕ್ಕೆ ಅದೇ ಮಾನಿಟರ್. ಲ್ಯಾಪ್‌ಟಾಪಿನ ಲೆಕ್ಕಕ್ಕೆ ಅದು ವೆಬ್‌ಕ್ಯಾಮ್, ಹಾಗಾಗಿ ಡ್ರೈವರ್ ಹಾಕುವ ಗೋಜಿಲ್ಲ. (ಕ್ಯಾಮೆರಾ ಆ್ಯಪ್ ತೆರೆದರೆ ಮೊದಲು ಕಾಣುವುದು ನಿಮ್ಮದೇ ಮುಖ. ಪಟ್ಟಿಯಲ್ಲಿ ಸ್ಟಿಕ್ಕನ್ನು ಆರಿಸಿಕೊಳ್ಳಬೇಕು.)

ಇನ್ನು ಅದರ ಕಾಟ. ಅಗ್ಗದ ಸ್ಟಿಕ್ಕುಗಳ ಮೇಲೆ ದೊಡ್ಡದಾಗಿ 4ಕೆ ಎಂದು ಬರೆದಿರುತ್ತದೆ. ಅದು ಒಳಗೆ ತೆಗೆದುಕೊಳ್ಳುವ ಲೆಕ್ಕ, ಹೊರಗೆ ಕೊಡುವುದು 1920 × 1080 ಮಾತ್ರ. ಡೆಸ್ಕ್‌ಟಾಪ್ ಇದನ್ನು ನಿಜವಾದ 4ಕೆ ಮಾನಿಟರ್ ಎಂದೇ ನಂಬಿ 3840 × 2160 ಆರಿಸಿಕೊಂಡರೆ, ಸ್ಟಿಕ್ ಅದನ್ನು ಕುಗ್ಗಿಸುತ್ತದೆ. ಲ್ಯಾಪ್‌ಟಾಪಿನ 1366 × 768 ಪರದೆ ಇನ್ನೊಮ್ಮೆ ಕುಗ್ಗಿಸುತ್ತದೆ. ಉಳಿಯುವ ಅಕ್ಷರಗಳು ಇರುವೆ ಸಾಲು. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ ಇಳಿಸಿದರೆ ಸರಿಹೋಗುತ್ತದೆ, ಆದರೆ ಆ ಸೆಟ್ಟಿಂಗ್‌ವರೆಗೂ ಹೋಗುವುದು ಕಣ್ಣು ಕಿರಿದು ಮಾಡಿಕೊಂಡೇ.

ಅದು ಸರಿಹೋದ ಮೇಲೂ ಮೌಸ್ ಒಂದು ಹೆಜ್ಜೆ ಹಿಂದೆ. ಕಾರಣ ಸ್ಟಿಕ್ಕಿನ ಒಳಗಿದೆ. 1920 × 1080ರ ಚಿತ್ರವನ್ನು ಪಿಕ್ಸೆಲ್ಲಿಗೆ 2 ಬೈಟ್‌ನಂತೆ ಸೆಕೆಂಡಿಗೆ 30 ಸಲ ಕಳಿಸಲು ಸುಮಾರು 124 ಮೆಗಾಬೈಟ್ ಸಾಗಬೇಕು. ನನ್ನ ಸ್ಟಿಕ್ ಬಳಸುವ ಯುಎಸ್‌ಬಿ 2.0ರ ಗರಿಷ್ಠ ವೇಗವೇ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ಆದ್ದರಿಂದ ಪ್ರತಿ ಫ್ರೇಮನ್ನೂ ಜೆಪೆಗ್ ಚಿತ್ರದಂತೆ ಹಿಂಡಿ ಕಳಿಸಬೇಕು (ಇದೇ ಎಂಜೆಪೆಗ್), ಇತ್ತ ಲ್ಯಾಪ್‌ಟಾಪ್ ಅದನ್ನು ಬಿಡಿಸಬೇಕು. ಹಿಂಡುವಾಗ ಬಣ್ಣದ ವಿವರ ಸೋರಿ, ಕಪ್ಪು ಹಿನ್ನೆಲೆಯ ಕೆಂಪು ಅಕ್ಷರಗಳ ಅಂಚು ಕದಡಿದಂತೆ ಕಾಣುತ್ತದೆ. ಹಿಂಡದೆ ಕಳಿಸುವ ವೈಯುವೈ2 ಆಯ್ಕೆಯೂ ಇದೆ, ಚಿತ್ರವೇನೋ ಸ್ಪಷ್ಟ. ಆದರೆ ನನ್ನ ಸ್ಟಿಕ್ಕಿನಲ್ಲಿ ಅದು ಸೆಕೆಂಡಿಗೆ 5 ಫ್ರೇಮ್ ಮಾತ್ರ, ಮೌಸ್ ಹಿಡಿದು ಕೆಲಸ ಮಾಡಲು ಆಗುವುದೇ ಇಲ್ಲ.

ನಾನು ಒಗ್ಗಿಕೊಂಡದ್ದು 1280 × 720ಕ್ಕೆ, ಎಂಜೆಪೆಗ್‌ನಲ್ಲಿ, ಸೆಕೆಂಡಿಗೆ 60 ಫ್ರೇಮ್. ಅಕ್ಷರ ದೊಡ್ಡದಾಗುತ್ತದೆ, ತಡವೂ ಕಡಿಮೆಯಾಗುತ್ತದೆ. ನೋಡಲು ವಿಎಲ್‌ಸಿ ಪ್ಲೇಯರ್ ಬೇಡ. ಅದು ಮಾಮೂಲಿಯಾಗಿ 300 ಮಿಲಿಸೆಕೆಂಡಿನಷ್ಟು ಚಿತ್ರವನ್ನು ಬಫರ್‌ನಲ್ಲಿ ಕೂಡಿಟ್ಟುಕೊಂಡೇ ತೋರಿಸುತ್ತದೆ, ಇರುವ ತಡದ ಮೇಲೆ ಇನ್ನೊಂದು ತಡ. ಪರದೆ ರೆಕಾರ್ಡ್ ಮಾಡುವ ಒಬಿಎಸ್ ತಂತ್ರಾಂಶದಲ್ಲಿ ಸ್ಟಿಕ್ಕನ್ನು ಮೂಲವಾಗಿ ಸೇರಿಸಿ, ಅದರಲ್ಲೇ ಇರುವ ‘ಪ್ರೊಜೆಕ್ಟರ್’ ಆಯ್ಕೆಯನ್ನು ಪೂರ್ಣ ಪರದೆಗೆ ಹಾಕಿಕೊಂಡರೆ ಸಾಕು. ಧ್ವನಿಯೂ ಅದೇ ಸ್ಟಿಕ್ಕಿನಲ್ಲಿ ಬರುತ್ತದೆ.

ಕೀಬೋರ್ಡ್ ಮತ್ತು ಮೌಸನ್ನು ಡೆಸ್ಕ್‌ಟಾಪಿಗೇ ಸಿಕ್ಕಿಸಬೇಕು, ಲ್ಯಾಪ್‌ಟಾಪಿನದು ಇಲ್ಲಿ ನಡೆಯುವುದಿಲ್ಲ. ನಕಲು ತಡೆ ಇರುವ ವಿಡಿಯೊಗಳಿಗೆ ಕಪ್ಪು ಪರದೆ ಬರಬಹುದು. ಡೆಸ್ಕ್‌ಟಾಪಿನಲ್ಲಿ ಹಳೇ ವಿಜಿಎ ಪೋರ್ಟ್ ಮಾತ್ರ ಇದ್ದರೆ ಪರಿವರ್ತಕ ಬೇಕು.

ಮದರ್‌ಬೋರ್ಡ್ ಸತ್ತ ಲ್ಯಾಪ್‌ಟಾಪ್ ಇದ್ದವರು ಪರದೆಯನ್ನೇ ಬಿಚ್ಚಿ, ಹಿಂದಿರುವ ಮಾದರಿ ಸಂಖ್ಯೆಗೆ ಹೊಂದುವ ಕಂಟ್ರೋಲರ್ ಬೋರ್ಡ್ ಹಾಕಿ ನಿಜವಾದ ಮಾನಿಟರ್ ಮಾಡಿಕೊಳ್ಳಬಹುದು. ಚಾಲೂ ಇರುವ ಲ್ಯಾಪ್‌ಟಾಪನ್ನು ಅದಕ್ಕಾಗಿ ಬಿಚ್ಚುವಷ್ಟು ಕಲ್ಲೆದೆ ನನಗಿಲ್ಲ.

ದಿನವಿಡೀ ಡೆಸ್ಕ್‌ಟಾಪಿನಲ್ಲೇ ಕೂರುವವರು, ಆಟ ಆಡುವವರು ಸನ್‌ಶೈನ್ ಹಾಕಿಕೊಳ್ಳಲಿ, ಇಲ್ಲವೇ ಮಾನಿಟರನ್ನೇ ಕೊಳ್ಳಲಿ. ಎಂಟು ಗಂಟೆ 720ರ ಕದಡಿದ ಅಕ್ಷರ ಓದಿಸುವುದು ಕಣ್ಣಿಗೆ ಮಾಡುವ ಅನ್ಯಾಯ. ನನ್ನ ಹಾಗೆ ಅಪರೂಪಕ್ಕೆ ಇಣುಕುವವರಿಗೆ ಮಾನಿಟರಿನ ಬೆಲೆಯ ಚೂರಿನಲ್ಲಿ ಸ್ಟಿಕ್ ಸಾಕು. ಅದಕ್ಕೆ ವಿದ್ಯುತ್ ಸಿಗುವುದು ಲ್ಯಾಪ್‌ಟಾಪಿನಿಂದ, ಆದ್ದರಿಂದ ಮೊದಲು ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಒಬಿಎಸ್ ತೆರೆದಿಟ್ಟುಕೊಂಡು ಆಮೇಲೆ ಡೆಸ್ಕ್‌ಟಾಪಿನ ಗುಂಡಿ ಒತ್ತಿ. ಕೇಬಲ್ಲಿನ ಇನ್ನೊಂದು ತುದಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಪೋರ್ಟಿಗೇ ಹೋಗಬೇಕು, ಮದರ್‌ಬೋರ್ಡಿನದಕ್ಕಲ್ಲ.