ಬ್ಯಾಟರಿ ಚಾರ್ಜರ್: ಕ್ಲಿಪ್ ಉಲ್ಟಾ ಹಾಕಿದರೂ ಸುಡಲಿಲ್ಲ, ಆದರೆ ಬಾಯಿಬಿಟ್ಟು ಹೇಳಲೂ ಇಲ್ಲ

ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಡಬ್ಬಿಗೆ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿ ನಾಲ್ಕಾರು ಹೆಸರಲ್ಲಿ ಮಾರುತ್ತಾರೆ, ಆನ್‌ಲೈನಲ್ಲಿ ಹುಡುಕಿದವರಿಗೆ ಗೊತ್ತಿರುತ್ತೆ. 12 ವೋಲ್ಟ್ ಕಾರ್ ಬ್ಯಾಟರಿಗೆ 4 ಆಂಪಿಯರ್ ಕೊಡುವ ‘ಸ್ಮಾರ್ಟ್’ ಚಾರ್ಜರ್. ಉಳಿದ ಫೀಚರ್ ಎಲ್ಲ ಡಬ್ಬಿ ಮೇಲೆಯೇ ಇದೆ.

ನಮ್ಮದು ಸಾಗರ. ಕೆಲಸಕ್ಕೆ ಸ್ಕೂಟರ್, ಶಿವಮೊಗ್ಗಕ್ಕೆ ಬಸ್ಸು. ಕಾರು ಹೊರಗೆ ಬರುವುದು ಮದುವೆ, ಮುಂಜಿ, ಆಸ್ಪತ್ರೆ ಅಂದಾಗ ಮಾತ್ರ. ಮಳೆಗಾಲದಲ್ಲಂತೂ ವಾರಗಟ್ಟಲೆ ಶೆಡ್ಡಿನಲ್ಲೇ. ಗಾಡಿ ಆಫ್ ಇದ್ದರೂ ಸೆಂಟ್ರಲ್ ಲಾಕ್, ಗಡಿಯಾರ, ಸ್ಟೀರಿಯೊ ಎಲ್ಲ ಸೇರಿ 30 ಮಿಲಿಆಂಪಿಯರ್ ಆಸುಪಾಸು ಎಳೆಯುತ್ತಲೇ ಇರುತ್ತವೆ. ಏನು ಮಹಾ ಅನ್ನಿಸಬಹುದು. ದಿನಕ್ಕೆ 0.7 ಎಎಚ್ (ಆಂಪಿಯರ್-ಅವರ್, ಅಂದರೆ ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು) ಆಯಿತು, ತಿಂಗಳಿಗೆ 21. ಬ್ಯಾಟರಿ ಇರುವುದೇ 35 ಎಎಚ್. ತಿಂಗಳು ಬಿಟ್ಟು ಸೆಲ್ಫ್ ಹೊಡೆದರೆ ಟಕಟಕ ಅನ್ನದೆ ಇನ್ನೇನು ಮಾಡುತ್ತೆ? ಪದೇ ಪದೇ ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಬದಲು, ಅದರ ಅರ್ಧ ಬೆಲೆಗೆ ಸಿಗುತ್ತಲ್ಲ ಅಂತ ಈ ಚಾರ್ಜರ್ ತರಿಸಿದೆ.

ಈಗ ಭಾನುವಾರ ಬೆಳಿಗ್ಗೆ ಇದೇ ಒಂದು ಪೂಜೆ. ಅಡುಗೆಮನೆ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು, ಬಾನೆಟ್ ಎತ್ತಿ, ಮೊದಲು ಇಲಿ ಗೂಡು ಕಟ್ಟಿದೆಯಾ ನೋಡುವುದು. ಮಲೆನಾಡಿನವರಿಗೆ ಯಾಕೆ ಅಂತ ವಿವರಿಸಬೇಕಿಲ್ಲ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಟೂತ್‌ಬ್ರಷ್ಷಿನಲ್ಲಿ ತಿಕ್ಕಿದರೆ ಬುಸ್ಸೆಂದು ನೊರೆ ಬಂದು ಬಿಟ್ಟುಹೋಗುತ್ತೆ. ಒರೆಸಿ, ಒಂದಿಷ್ಟು ವ್ಯಾಸಲೀನ್. ಆಮೇಲೆ ಕೆಂಪು ಕ್ಲಿಪ್ ಪ್ಲಸ್ಸಿಗೆ, ಕಪ್ಪು ಕ್ಲಿಪ್ ಬ್ಯಾಟರಿಯಿಂದ ದೂರಕ್ಕೆ ಎಂಜಿನ್ನಿನ ಪೇಂಟ್ ಇಲ್ಲದ ಬೋಲ್ಟಿಗೆ, ಕೊನೆಗೆ ಸ್ವಿಚ್. ತೆಗೆಯುವಾಗ ಹಿಂದುಮುಂದು: ಮೊದಲು ಸ್ವಿಚ್, ಆಮೇಲೆ ಕಪ್ಪು, ಕೊನೆಗೆ ಕೆಂಪು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಕಿಡಿ ಹಾರುವುದಿದ್ದರೆ ಅದರಿಂದ ದೂರ ಹಾರಲಿ. ಪಕ್ಕದಲ್ಲಿ ಮಲ್ಟಿಮೀಟರ್ ಇಟ್ಟು, ಕೈಯಲ್ಲಿ ಕಾಫಿ ಹಿಡಿದು, 12.3 ವೋಲ್ಟ್ ಇದ್ದದ್ದು ಮೆಲ್ಲಗೆ 14.4ಕ್ಕೆ ಹತ್ತುವುದನ್ನು ನೋಡುತ್ತಾ ಕೂತರೆ ಪೇಪರ್ ಓದುವುದೂ ಮರೆತುಹೋಗುತ್ತೆ. ತುಂಬಿದ ಮೇಲೆ ಅದಾಗಿಯೇ 13.6ಕ್ಕೆ ಇಳಿದು ನಿಲ್ಲುತ್ತೆ, ಹಸಿರು ಲೈಟ್ ಬರುತ್ತೆ. ಇಲ್ಲಿಯವರೆಗೆ ಐದಕ್ಕೆ ಐದು ಸ್ಟಾರ್.

ಈಗ ಸಿಟ್ಟಿನ ವಿಷಯ. ಈ ಚಾರ್ಜರಿಗೆ ಎರಡು ಕೆಂಪು ಲೈಟ್ ಇದೆ. ಒಂದು ‘ಚಾರ್ಜಿಂಗ್’. ಇನ್ನೊಂದು, ಒಂದು ಬೆರಳು ಪಕ್ಕದಲ್ಲಿ, ಕ್ಲಿಪ್ ಉಲ್ಟಾ ಹಾಕಿದ್ದೀರಿ ಅಂತ ಹೇಳುವುದಕ್ಕೆ. ಎರಡೂ ಒಂದೇ ಕೆಂಪು, ಒಂದೇ ಗಾತ್ರ. ಕೆಳಗೆ ಕಪ್ಪು ಪ್ಲಾಸ್ಟಿಕ್ ಮೇಲೆ ಬೂದು ಬಣ್ಣದ ಇರುವೆಯಂಥ ಇಂಗ್ಲಿಷ್ ಅಕ್ಷರ. ಬೀಪ್ ಇಲ್ಲ, ಮಿಣುಕುವುದೂ ಇಲ್ಲ.

ಹೋದ ಸೀಸನ್ನಿನಲ್ಲಿ ಸಿರಸಿ ಕಡೆ ಒಂದು ಮದುವೆ. ಹಿಂದಿನ ಸಂಜೆ ನಾನು ಪೇಟೆಗೆ ಹೋಗಿದ್ದಾಗ ಭಾವಮೈದುನ ತಾನೇ ಮುತುವರ್ಜಿಯಿಂದ ಚಾರ್ಜಿಗೆ ಹಾಕಿದ. ಬಂದ ಕೂಡಲೇ, “ಭಾವ, ಹಾಕಿದ್ದೀನಿ, ಕೆಂಪು ಲೈಟ್ ಬಂದಿದೆ, ನೀವು ಆರಾಮಾಗಿ ಮಲಗಿ” ಅಂದ. ಅವನದೇನೂ ತಪ್ಪಿಲ್ಲ. ಅವನ ಕಾರಿನ ಬ್ಯಾಟರಿಯಲ್ಲಿ ಪ್ಲಸ್ ಇರುವ ಬದಿಗೆ ನಮ್ಮದರಲ್ಲಿ ಮೈನಸ್ ಇದೆ. ಅಂಗಡಿಯಲ್ಲಿ 35 ಎಲ್ (ಲೆಫ್ಟ್) ಬೇಕಾ, 35 ಆರ್ (ರೈಟ್) ಬೇಕಾ ಅಂತ ಕೇಳುವುದು ಇದಕ್ಕೇ. ಪ್ಲಸ್ ಮೇಲಿನ ಕೆಂಪು ಟೋಪಿಯನ್ನು ಇಲಿ ಎಂದೋ ಮುಗಿಸಿತ್ತು. ಕೆಂಪು ಲೈಟ್ ರಾತ್ರಿಯಿಡೀ ಉರಿಯಿತು, ಬ್ಯಾಟರಿಗೆ ಒಂದು ಹನಿ ಕರೆಂಟೂ ಹೋಗಲಿಲ್ಲ. ಬೆಳಿಗ್ಗೆ ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಇಳಿಜಾರಿನವರೆಗೆ ಕಾರು ತಳ್ಳಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಿದ್ದಾಯಿತು. ಧಾರೆ ಮುಗಿದಿತ್ತು, ಊಟಕ್ಕೆ ಸಿಕ್ಕಿದೆವು.

ಕಂಪನಿಗೆ ಬರೆದೆ. ‘ದಯವಿಟ್ಟು ಮ್ಯಾನುಯಲ್ ಓದಿ’ ಅಂತ ಉತ್ತರ ಬಂತು. ಆ ಸಿಟ್ಟಿನಲ್ಲಿ ಒಂದು ಸ್ಟಾರ್ ಕೊಟ್ಟು ಬರೆದಿದ್ದ ವಿಮರ್ಶೆಯನ್ನೇ ಈಗ ತಿದ್ದುತ್ತಿರುವುದು.

ತಿದ್ದಲು ಕಾರಣ, ಗ್ಯಾರೇಜಿನವರು ತೋರಿಸಿದ ಅವರ ಹಳೇ ಚಾರ್ಜರ್. ಟ್ರಾನ್ಸ್‌ಫಾರ್ಮರ್ ಇರುವ ಭಾರದ ಕಬ್ಬಿಣದ ಪೆಟ್ಟಿಗೆ, ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಕರಕಲಾಗಿ ವೈರಿನ ಪ್ಲಾಸ್ಟಿಕ್ ಕರಗಿ ಅಂಟಿತ್ತು. ಹುಡುಗನೊಬ್ಬ ಉಲ್ಟಾ ಹಾಕಿದ್ದನಂತೆ. ಅಂಥ ಪೆಟ್ಟಿಗೆಯಲ್ಲಿ ಸ್ವಿಚ್ ಹಾಕುವುದೇ ಬೇಡ. ಕ್ಲಿಪ್ ಅದಲುಬದಲಾದರೆ ಡಯೋಡುಗಳು ಬ್ಯಾಟರಿಗೆ ನೇರ ದಾರಿ ಬಿಟ್ಟುಕೊಡುತ್ತವೆ, ಅಂದರೆ ಬ್ಯಾಟರಿ ಶಾರ್ಟ್ ಆದ ಹಾಗೇ. ಫ್ಯೂಸ್ ಹೋದರೆ ಪುಣ್ಯ. ಕೆಲವರು ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿರುತ್ತಾರೆ, ಅವರಿಗೆ ಹೊಗೆಯೇ ಗತಿ. ಬ್ಯಾಟರಿಯಲ್ಲಿ ಜೀವ ಇರುವ ತನಕ ಕಾರಿನ ಎಲೆಕ್ಟ್ರಾನಿಕ್ಸಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಯಾಕೆಂದರೆ ಟರ್ಮಿನಲ್ಲಿನ ವೋಲ್ಟೇಜನ್ನು ಬ್ಯಾಟರಿಯೇ ಹಿಡಿದಿರುತ್ತೆ. ಪೂರ್ತಿ ಖಾಲಿಯಾದ ಬ್ಯಾಟರಿ ಆದರೆ ಕಥೆ ಬೇರೆ. ಚಾರ್ಜರ್ ಅದನ್ನು ಉಲ್ಟಾ ದಿಕ್ಕಿಗೇ ತುಂಬಿಸಿಬಿಡಬಹುದು, ಪ್ಲಸ್ ಮೈನಸ್ಸಾಗಿ ಕೂರುತ್ತೆ.

ನನ್ನ ಚಾರ್ಜರ್ ಮಾಡುವುದು ಇಷ್ಟೇ: ಕ್ಲಿಪ್ಪಿನಲ್ಲಿ ಸರಿಯಾದ ದಿಕ್ಕಿನ ವೋಲ್ಟೇಜ್ ಕಾಣುವವರೆಗೆ ಕರೆಂಟ್ ಬಿಡುವುದೇ ಇಲ್ಲ. ಸತ್ತ ಬ್ಯಾಟರಿಯನ್ನು ಇದು ಎಬ್ಬಿಸುವುದಿಲ್ಲ ಅಂತ ಎಷ್ಟೋ ಜನ ಬೈದು ಬರೆದಿದ್ದಾರೆ, ನಾನೂ ಮೊದಲು ಬೈದಿದ್ದೆ. ಅದು ಇದರದೇ ಇನ್ನೊಂದು ಮುಖ. ವೋಲ್ಟೇಜೇ ಇಲ್ಲದಿದ್ದರೆ ಯಾವುದು ಪ್ಲಸ್ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹಾಗಾಗಿ ಸುಮ್ಮನಿರುತ್ತೆ. ಸುಮ್ಮನಿರುವ ಬುದ್ಧಿ ಕೊಟ್ಟವರು ಹತ್ತಿಪ್ಪತ್ತು ರೂಪಾಯಿಯ ಒಂದು ಬಜರ್ ಹಾಕಿದ್ದರೆ ಏನು ಗಂಟು ಹೋಗುತ್ತಿತ್ತು ಅನ್ನುವುದಷ್ಟೇ ಈಗ ಉಳಿದ ತಕರಾರು.

ರಿಪೇರಿ ನಾನೇ ಮಾಡಿಕೊಂಡಿದ್ದೇನೆ. ಎರಡನೇ ಲೈಟಿನ ಸುತ್ತ ಹಳದಿ ಟೇಪ್ ಅಂಟಿಸಿ ಮಾರ್ಕರಿನಲ್ಲಿ ‘ಉಲ್ಟಾ’ ಅಂತ ಬರೆದಿದ್ದೇನೆ. ಪ್ಲಸ್ ವೈರಿಗೆ ಕೆಂಪು ಪೇಂಟ್ ಬಳಿದಾಯಿತು. ಮನೆಯವರಿಗೆಲ್ಲ ಇನ್ನೊಂದು ಗುರುತೂ ಹೇಳಿಕೊಟ್ಟಿದ್ದೇನೆ: ಪ್ಲಸ್ ಕಂಬ ಮೈನಸ್ಸಿಗಿಂತ ಒಂದೂವರೆ ಮಿಲಿಮೀಟರಿನಷ್ಟು ದಪ್ಪ ಇರುತ್ತೆ, ಪಕ್ಕಪಕ್ಕ ನೋಡಿದರೆ ಗೊತ್ತಾಗುತ್ತೆ. ಇನ್ನೊಂದು ಗಾಡಿಯ ಬ್ಯಾಟರಿಗೆ ಜೋಡಿಸಿ ಸ್ಟಾರ್ಟ್ ಮಾಡುವ ಜಂಪ್ ಕೇಬಲ್ಲಿಗೆ ಮಾತ್ರ ಈ ಚಾರ್ಜರಿನ ಧೈರ್ಯದಲ್ಲಿ ಕೈ ಹಾಕಬೇಡಿ. ಸಾದಾ ಕೇಬಲ್ಲಿನಲ್ಲಿ ಕಾಯುವವರು ಯಾರೂ ಇಲ್ಲ, ಉಲ್ಟಾ ಆದರೆ ಎರಡು ಬ್ಯಾಟರಿ ಸೇರಿ ನೂರಾರು ಆಂಪಿಯರ್ ಹರಿಯುತ್ತೆ, ಆಲ್ಟರ್ನೇಟರಿನ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಭಾಗ) ಡಯೋಡೂ ಹೋಗಬಹುದು.

ಮೂರೂವರೆ ಸ್ಟಾರ್ ಕೊಡಬೇಕಿತ್ತು, ಅರ್ಧ ಕೊಡಲು ಬರುವುದಿಲ್ಲವಾದ್ದರಿಂದ ನಾಲ್ಕು. ವಾರಕ್ಕೊಮ್ಮೆಯೂ ಕಾರು ತೆಗೆಯದವರು ಧೈರ್ಯವಾಗಿ ತಗೊಳ್ಳಿ. ದಿನಾ ಓಡಿಸುವವರಿಗೆ ಇದರ ಅಗತ್ಯವೇ ಇಲ್ಲ, ಆದರೂ ಬ್ಯಾಟರಿ ಇಳಿಯುತ್ತಿದ್ದರೆ ಮೊದಲು ಆಲ್ಟರ್ನೇಟರ್ ತೋರಿಸಿ. ಇನ್ನು ವೈರ್ ಬಹಳ ಗಿಡ್ಡ, ಚಾರ್ಜರ್ ಇಡಲು ಪಕ್ಕದಲ್ಲಿ ಒಂದು ಸ್ಟೂಲ್ ಬೇಕೇ ಬೇಕು.